ಮದುವೆಯ ಸುದ್ದಿ, ಮಧುಚಂದ್ರದ ಫೋಟೊ: ಮುಖ ಕಾಣದ ಗೆಳೆಯರಿಗೆ ತಲುಪಿಸುವ ಬಗೆ

ನನ್ನ ತವರು ಮಂಡ್ಯ, ಸೇರಿದ ಮನೆ ಮೈಸೂರು. ತಾರಸಿ ತೋಟ ಮಾಡುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ಮದುವೆಗೆ ಆರು ವರ್ಷ ಮುಂಚಿನಿಂದಲೂ ಇದ್ದೇನೆ. ಧಾರವಾಡದ ಒಬ್ಬ ಅಕ್ಕ, ಪುತ್ತೂರಿನ ಒಬ್ಬ ನಿವೃತ್ತ ಮೇಷ್ಟ್ರು, ಅಮೆರಿಕದಲ್ಲಿರುವ ಹಾಸನದ ಒಬ್ಬ ಹುಡುಗ, ಹೀಗೆ ನಲವತ್ತು ಜನ. ಅವರ ದಾಸವಾಳಕ್ಕೆ ಹಿಟ್ಟು ತಿಗಣೆ ಬಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಕರಿಬೇವು ಒಣಗಿದಾಗ ಅವರೆಲ್ಲ ಒಂದೊಂದು ಮದ್ದು ಹೇಳಿದ್ದರು. ಮುಖ ನೋಡಿದ್ದು ನಾಲ್ಕೈದು ಜನರದ್ದು ಮಾತ್ರ.

ಮದುವೆ ಗೊತ್ತಾದಾಗ ಇವರಿಗೆ ಹೇಗೆ ಹೇಳುವುದೆಂದು ತೋಚಲಿಲ್ಲ. ನೆಂಟರಿಗಾದರೆ ಒಂದು ಕ್ರಮವಿದೆ. ಮೊದಲ ಪತ್ರಿಕೆ ಮನೆದೇವರ ಮುಂದೆ, ಆಮೇಲೆ ಸೋದರಮಾವನ ಮನೆ, ಆಮೇಲೆ ಊರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು ಕೈಗೆ ಕೊಟ್ಟರಾಯಿತು. ಕಾಣದ ಗೆಳೆಯರ ವಿಷಯದಲ್ಲಿ ಅಂಥ ದಾರಿಯನ್ನು ಯಾರೂ ಹಾಕಿಕೊಟ್ಟಿಲ್ಲ. ನನ್ನ ಮದುವೆಯಲ್ಲಿ ಎಡವಿದ್ದನ್ನೂ ತಂಗಿಯ ಮದುವೆಯಲ್ಲಿ ಸರಿಪಡಿಸಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾರಿಗೆ ಮೊದಲು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ಗುಂಪಿಗೆ ಸುದ್ದಿ ಹಾಕುವ ಮೊದಲು ಮನೆಯ ಹಿರಿಯರ ಪಟ್ಟಿ ಮುಗಿದಿರಬೇಕು. ನಾನು ನಿಶ್ಚಿತಾರ್ಥದ ರಾತ್ರಿಯೇ ಖುಷಿ ತಡೆಯಲಾರದೆ ಗುಂಪಿನಲ್ಲಿ ಬರೆದುಬಿಟ್ಟೆ. ಅಲ್ಲಿದ್ದ ಒಬ್ಬರು ಪ್ರೀತಿಯಿಂದಲೇ ಅದನ್ನು ತಮ್ಮ ಸ್ಟೇಟಸ್‌ಗೆ ಹಾಕಿದರು. ಪಾಂಡವಪುರದ ನಮ್ಮ ದೊಡ್ಡತ್ತೆಗೆ ಸುದ್ದಿ ಸಿಕ್ಕಿದ್ದು ಹಾಗೆ, ಯಾರದ್ದೋ ಮೊಬೈಲಿನಲ್ಲಿ. 'ಹೆತ್ತೋರ ಬಾಯಿಂದ ಕೇಳ್ಬೇಕಾದ್ದನ್ನ ಹೊರಗಿನೋರ ಬಾಯಿಂದ ಕೇಳ್ದೆ ಕಣವ್ವ' ಎಂದರು. ಅಪ್ಪ ಮರುದಿನವೇ ಹಣ್ಣುಕಾಯಿ ಹಿಡಿದು ಅವರ ಮನೆಗೆ ಹೋಗಬೇಕಾಯಿತು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಮೊದಲನೆಯದು, ಖುದ್ದಾಗಿ ಹೇಳಬೇಕಾದವರು. ಎರಡನೆಯದು, ಫೋನ್ ಮಾಡಿ ಹೇಳಬೇಕಾದವರು; ಆನ್‌ಲೈನ್ ಸ್ನೇಹಿತರಲ್ಲಿ ತೀರಾ ಹತ್ತಿರದ ಇಬ್ಬರು ಮೂವರೂ ಇಲ್ಲಿಗೆ ಸೇರಲಿ, ಅವರು ಗುಂಪಿನಲ್ಲಿ ಎಲ್ಲರ ಜೊತೆ ಓದುವಂತಾಗಬಾರದು. ಉಳಿದವರೆಲ್ಲ ಮೂರನೆಯ ಸಾಲು. ಮೊದಲ ಎರಡು ಸಾಲು ಮುಗಿಯುವವರೆಗೆ ಮೂರನೆಯದಕ್ಕೆ ಕೈ ಹಾಕಬೇಡಿ.

ಇದೇ ಹಾಳೆಯನ್ನು ಮದುವೆಯಾಗುವವರ ಮುಂದೆಯೂ ಇಡಿ. ಎಲ್ಲಿ ಹಾಕಬಹುದು, ಎಷ್ಟು ಹಾಕಬಹುದು, ಯಾರಿಗೆ ಬೇಡ ಎಂದು ಕೇಳಿ. ನಮ್ಮವರಿಗೆ ತಮ್ಮ ಫೋಟೊ ಫೇಸ್‌ಬುಕ್‌ನಲ್ಲಿ ಬರುವುದು ಸುತಾರಾಂ ಇಷ್ಟವಿಲ್ಲ. ಗುಂಪಿನಲ್ಲಿ ಆದರೆ ಅಡ್ಡಿಯಿಲ್ಲ. ಕೇಳದೆ ಹೋಗಿದ್ದರೆ ಮದುವೆಯಾದ ವಾರದಲ್ಲೇ ಮುನಿಸು ಬರುತ್ತಿತ್ತು.

ಹೆಜ್ಜೆ 2: ಸುದ್ದಿಯೋ, ಕರೆಯೋ ಎಂಬುದು ಸ್ಪಷ್ಟವಾಗಲಿ

ಆನ್‌ಲೈನ್ ಸ್ನೇಹಿತರನ್ನು ಹೆಚ್ಚು ಕಾಡುವ ಅನುಮಾನ ಇದೇ. ಪತ್ರಿಕೆ ಬಂದಿದೆ, ನಾವು ಹೋಗಬೇಕೇ? ಸುಮ್ಮನೆ ತಿಳಿಸಿದ್ದೇ? ಮುಯ್ಯಿ ಕಳಿಸಬೇಕೇ? ಅವರನ್ನು ಈ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಛತ್ರದಲ್ಲಿ ಊಟದ ಲೆಕ್ಕ ಕೊಡಬೇಕಾದ್ದರಿಂದ ನಿಮಗೂ ಇದು ಬೇಕು.

ಬರಲೆಂಬ ಆಸೆಯಿದ್ದರೆ ಹೀಗೆ ಬರೆಯಬಹುದು: 'ಅಕ್ಕಾ, ನನ್ನ ಮದುವೆ ಮೈಸೂರಿನಲ್ಲಿ. ನೀವು ಬಂದು ನಿಂತು ಅಕ್ಷತೆ ಹಾಕಬೇಕು ಅನ್ನೋದು ನನ್ನಾಸೆ. ಹಿಂದಿನ ರಾತ್ರಿ ಉಳಿಯೋಕೆ ನಮ್ಮ ಚಿಕ್ಕಪ್ಪನ ಮನೇಲಿ ವ್ಯವಸ್ಥೆ ಇದೆ. ಬರ್ತೀರಾ ಅಂತ ಹದಿನೈದು ದಿನ ಮೊದ್ಲೇ ಹೇಳಿ.' ಉಳಿಯುವ ವ್ಯವಸ್ಥೆಯ ಮಾತು ಬಂದರೆ ಕರೆ ನಿಜವಾದದ್ದೆಂದು ಓದಿದವರಿಗೆ ತಕ್ಷಣ ತಿಳಿಯುತ್ತದೆ.

ಬರೀ ಸುದ್ದಿಯಾದರೆ: 'ಎಲ್ಲರಿಗೂ ನಮಸ್ಕಾರ. ನನ್ನ ಮದುವೆ ಗೊತ್ತಾಗಿದೆ. ಮನೆ ಮಟ್ಟಿಗೆ ಚಿಕ್ಕದಾಗಿ ಮಾಡ್ತಿದ್ದೀವಿ. ಇದ್ದಲ್ಲಿಂದಲೇ ಹರಸಿ. ಮದುವೆ ಆದ್ಮೇಲೆ ಫೋಟೊ ತೋರಿಸ್ತೀನಿ, ಗಿಡಕ್ಕೆ ನೀರು ಹಾಕೋಕೆ ತಮ್ಮನಿಗೆ ಹೇಳಿದ್ದೀನಿ.' ಕೊನೆಯ ಆ ಸಾಲಿಗೇ ನಮ್ಮ ಗುಂಪಿನಲ್ಲಿ ಹೆಚ್ಚು ಉತ್ತರ ಬಂತು. ಯಾವ ಎಳೆಯಿಂದ ಸ್ನೇಹ ಹುಟ್ಟಿತೋ ಆ ಎಳೆ ಸುದ್ದಿಯಲ್ಲೂ ಕಾಣಲಿ. ಚೆಸ್ ಆಡುವವರ ಗುಂಪಾದರೆ ಚೆಸ್, ಅಡುಗೆಯವರದಾದರೆ ಅಡುಗೆ. ಎಲ್ಲ ಗುಂಪಿಗೂ ಒಂದೇ ಸಂದೇಶ ಫಾರ್ವರ್ಡ್ ಮಾಡಿದರೆ 'ಫಾರ್ವರ್ಡ್' ಎಂಬ ಗುರುತೂ ಜೊತೆಗೇ ಹೋಗುತ್ತದೆ, ಓದುವವರ ಮನಸ್ಸು ಅಲ್ಲೇ ಅರ್ಧ ತಣ್ಣಗಾಗುತ್ತದೆ. ನಾಲ್ಕು ಸಾಲು ಹೊಸದಾಗಿ ಬರೆಯಲು ಎಷ್ಟು ಹೊತ್ತು?

ಉಡುಗೊರೆ ಬೇಡವಾದರೆ ನೇರವಾಗಿ ಬರೆಯಿರಿ. ಯುಪಿಐ ಕ್ಯೂಆರ್ ಕೋಡನ್ನಂತೂ ಪತ್ರಿಕೆಯ ಜೊತೆ ಕಳಿಸಬೇಡಿ. ಮುಯ್ಯಿ ಎಂದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬಂದು ನಡೆಯುವ ವ್ಯವಹಾರ, ಎಂದೂ ಎದುರು ಕಂಡಿರದವರ ಮೇಲೆ ಆ ಭಾರ ಹಾಕುವುದು ನನಗೆ ಸರಿಕಾಣುವುದಿಲ್ಲ.

ಎಲ್ಲರಿಗೂ ಒಂದೇ ಸಲ ತಿಳಿಸಲು ಹೊಸ ಗುಂಪು ಕಟ್ಟುವುದೂ ಬೇಡ. ನೆಂಟರು, ಆಫೀಸಿನವರು, ಆನ್‌ಲೈನ್ ಸ್ನೇಹಿತರು ಒಂದೇ ಗುಂಪಿಗೆ ಬಂದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಪ್ರತಿಯೊಬ್ಬರಿಗೂ ಅದು ಖಾಸಗಿ ಸಂದೇಶವಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಉಳಿದವರಿಗೆ ಬೇರೆಯಾಗಿಯೇ ಕಳಿಸಬೇಕು.

ಹೆಜ್ಜೆ 3: ಪತ್ರಿಕೆಯ ಎರಡನೇ ಪ್ರತಿ ಮಾಡಿಸಿ

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಇಡೀ ಮನೆತನವೇ ಇರುತ್ತದೆ. ಅಜ್ಜಿ ತಾತ, ಸುಖಾಗಮನ ಬಯಸುವವರು, ಮನೆಯ ವಿಳಾಸ, ಅಪ್ಪ ಚಿಕ್ಕಪ್ಪಂದಿರ ಮೊಬೈಲ್ ನಂಬರ್. ಕೈಯಲ್ಲಿ ಕೊಡುವ ಕಾಗದಕ್ಕೆ ಅದು ಚೆಂದ, ಹಾಗೇ ಇರಲಿ. ಆದರೆ ಅದರ ಫೋಟೊ ಊರೂರು ಸುತ್ತಿದ ಮೇಲೆ ಅಪ್ಪನಿಗೆ ಸಾಲ ಬೇಕೇ, ಸೈಟು ಬೇಕೇ ಎಂಬ ಫೋನುಗಳು ವಾರಗಟ್ಟಲೆ ಬಂದವು. ಮದುವೆ ನಡೆಯುವ ಹೊತ್ತಿಗೆ ಮನೆಯವರೆಲ್ಲ ಛತ್ರದಲ್ಲಿರುತ್ತಾರೆ ಎಂಬುದನ್ನೂ ಆ ಪತ್ರಿಕೆ ವಿಳಾಸದ ಸಮೇತ ಸಾರಿ ಹೇಳುತ್ತದೆ.

ಪ್ರೆಸ್‌ನವರಿಗೆ ಮೊದಲೇ ಹೇಳಿ, ಕಂಪ್ಯೂಟರಿನಲ್ಲಿರುವ ಅದೇ ವಿನ್ಯಾಸದಿಂದ ಮನೆ ವಿಳಾಸ ಮತ್ತು ನಂಬರ್ ತೆಗೆದ ಇನ್ನೊಂದು ಪ್ರತಿ ಮಾಡಿಸಿಕೊಳ್ಳಿ. ಹೆಸರು, ದಿನ, ಮುಹೂರ್ತ, ಛತ್ರ, ಇಷ್ಟಿದ್ದರೆ ಸಾಕು. ಜೆಪೆಗ್ ಅಥವಾ ಪಿಡಿಎಫ್ ರೂಪದಲ್ಲಿ ಕೊಡಲು ಹೇಳಿ.

ಇಲ್ಲೊಂದು ತೊಡಕಿದೆ. ಎಷ್ಟೋ ಪ್ರೆಸ್‌ಗಳಲ್ಲಿ ಇಂದಿಗೂ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಅಕ್ಷರ ಜೋಡಿಸುತ್ತಾರೆ. ಅದನ್ನು ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲ ಮೊಬೈಲಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಬೇಕು, ಇಲ್ಲವೇ ಮೊಬೈಲಿನಲ್ಲೇ ಹೊಸದಾಗಿ ಟೈಪ್ ಮಾಡಬೇಕು. ಈ ಶ್ರಮ ಯಾಕೆಂದರೆ, ನಮ್ಮ ಪುತ್ತೂರಿನ ಮೇಷ್ಟ್ರಿಗೆ ಈಗ ಕಣ್ಣು ಕಾಣುವುದಿಲ್ಲ. ಅವರ ಮೊಬೈಲಿನ ಟಾಕ್‌ಬ್ಯಾಕ್ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಬರೀ ಚಿತ್ರ ಕಳಿಸಿದರೆ 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪತ್ರಿಕೆಯ ಕೆಳಗೆ ಐದು ಸಾಲು ಟೈಪ್ ಮಾಡಿ ಹಾಕಿದ್ದಕ್ಕೆ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹರಸಿದವರು ಅವರೇ.

ಇನ್ನೊಂದು ಮುಖ್ಯ ಮಾತು. ಮದುವೆ ಪತ್ರಿಕೆ ಎಂದು ಹೇಳಿ ಎಪಿಕೆ (ಮೊಬೈಲಿಗೆ ಆಪ್ ಹಾಕುವ) ಫೈಲ್ ಕಳಿಸಿ ಮೊಬೈಲಿಗೆ ಕನ್ನ ಹಾಕುವ ಮೋಸದ ಬಗ್ಗೆ 2024ರಿಂದ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ತೆರೆದು ಇನ್‌ಸ್ಟಾಲ್ ಮಾಡಿದರೆ ಬ್ಯಾಂಕಿನ ಸಂದೇಶಗಳೆಲ್ಲ ಕಳ್ಳರ ಕೈಗೆ ಸಿಗಬಹುದು. ನಿಮ್ಮ ಪತ್ರಿಕೆಯನ್ನು ಸ್ನೇಹಿತರು ಭಯವಿಲ್ಲದೆ ತೆರೆಯಬೇಕಾದರೆ 'ಕೆಳಗಿರುವುದು ಬರೀ ಫೋಟೊ, ಯಾವ ಆಪ್ ಹಾಕಿಕೊಳ್ಳುವುದೂ ಬೇಕಿಲ್ಲ' ಎಂದು ಒಂದು ಸಾಲು ಸೇರಿಸಿ. ಯಾರಾದರೂ ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ಹೆಜ್ಜೆ 4: ಮುಹೂರ್ತದ ನೇರಪ್ರಸಾರ

ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಎಂದು ಇಟ್ಟರೆ ಲಿಂಕ್ ಇದ್ದವರು ಮಾತ್ರ ನೋಡಬಹುದು. ಹೊಸ ಚಾನೆಲ್ ಆದರೆ ನೇರಪ್ರಸಾರದ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು, ಮೊಬೈಲಿನಿಂದ ಬಿಡುವುದಾದರೆ 50 ಚಂದಾದಾರರು ಬೇಕು. ಚಪ್ಪರದ ದಿನ ಇದನ್ನು ನೋಡಿಕೊಳ್ಳೋಣ ಎಂದು ಬಿಟ್ಟರೆ ಆಗುವುದಿಲ್ಲ. ವಾಲಗ, ಗಟ್ಟಿಮೇಳ, ಮಂತ್ರದ ದನಿ ಕೇಳಿಸಲಿ. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬಂದು ದನಿ ನಿಲ್ಲಬಹುದು.

ಹೊರದೇಶದವರಿಗೆ ಅವರ ಹೊತ್ತಿನಲ್ಲೇ ಸಮಯ ಬರೆದು ಕಳಿಸಿ. ನಮ್ಮ ಬೆಳಗ್ಗೆ 10.15ರ ಮುಹೂರ್ತ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ನಡುರಾತ್ರಿ ಕಳೆದು 12.45, ಚಳಿಗಾಲವಾದರೆ ಹಿಂದಿನ ರಾತ್ರಿ 11.45. ಹಾಸನದ ಹುಡುಗ ಒಂದು ದಿನ ತಪ್ಪಿ ಕಾದು ಕೂತಿದ್ದ, ಪಾಪ.

ಹೆಜ್ಜೆ 5: ಫೋಟೊ ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಫೋಟೊಗ್ರಾಫರ್ ಪೆನ್ ಡ್ರೈವ್‌ನಲ್ಲಿ 2,300 ಫೋಟೊ ಕೊಟ್ಟರು. ಅಷ್ಟನ್ನೂ ಏರಿಸಿ ಲಿಂಕ್ ಕಳಿಸಿಬಿಟ್ಟೆ. ಯಾರೂ ಮೂವತ್ತು ದಾಟಿ ನೋಡಲಿಲ್ಲ. ಆದರೆ ನಡುವೆ ಎಲ್ಲೋ ಇದ್ದ ಒಂದನ್ನು ಒಬ್ಬರು ನೋಡಿ ನನಗೆ ಮೆಲ್ಲಗೆ ತಿಳಿಸಿದರು: ನಮ್ಮ ಅತ್ತಿಗೆ ಕೋಣೆಯ ಮೂಲೆಯಲ್ಲಿ ಕೂಸಿಗೆ ಹಾಲುಣಿಸುತ್ತಿದ್ದ ಫೋಟೊ. ಅದನ್ನು ತೆಗೆದು ಅತ್ತಿಗೆಯ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ಹಾಗಾಗಿ ಈಗ ನನ್ನ ಪದ್ಧತಿ ಹೀಗಿದೆ. ಮೊದಲ ಸುತ್ತಿನಲ್ಲಿ ನಾನೊಬ್ಬಳೇ ಕೂತು ನೂರು ತೆಗೆಯುತ್ತೇನೆ. ಎರಡನೇ ಸುತ್ತಿನಲ್ಲಿ ಫೋಟೊದಲ್ಲಿರುವ ಪ್ರತಿಯೊಬ್ಬರ ಪರವಾಗಿ ನೋಡುತ್ತೇನೆ. ಅರಿಶಿನ ಶಾಸ್ತ್ರ, ಎಣ್ಣೆ ಶಾಸ್ತ್ರದ ಫೋಟೊಗಳಲ್ಲಿ ಹೆಣ್ಣುಮಕ್ಕಳು ಮನೆಯೊಳಗಿನ ಸಲಿಗೆಯಲ್ಲಿರುತ್ತಾರೆ. ಅವರನ್ನು ಕೇಳದೆ ಒಂದನ್ನೂ ಹೊರಗೆ ಬಿಡುವುದಿಲ್ಲ. ಮಕ್ಕಳ ಫೋಟೊಗೆ ಅವರ ತಂದೆ ತಾಯಿಯ ಒಪ್ಪಿಗೆ. ಬೀಗರೂಟದಲ್ಲಿ, ಅಂದರೆ ಮದುವೆಯಾದ ಮೇಲೆ ಬೀಗರಿಗೆ ಹಾಕುವ ಊಟದಲ್ಲಿ, ಬಾಯಿತುಂಬ ಮುದ್ದೆ ತುಂಬಿಕೊಂಡ ಮಾವನ ಫೋಟೊ ನಮಗೆ ನಗು ತರಿಸುತ್ತದೆ, ಮಾವನಿಗೆ ತರಿಸುತ್ತದೆಯೇ ಎಂದು ಅವರನ್ನೇ ಕೇಳಬೇಕು.

ಮೂರನೇ ಸುತ್ತಿನಲ್ಲಿ ಸ್ನೇಹಿತರ ಕಣ್ಣಿನಿಂದ ನೋಡಿ ಹದಿನೈದು ಇಪ್ಪತ್ತಕ್ಕೆ ಇಳಿಸುತ್ತೇನೆ. ವೇದಿಕೆ ಮೇಲೆ ಸಾಲಾಗಿ ನಿಂತ ನೆಂಟರ ಫೋಟೊ ನೆಂಟರಿಗೆ ಬೇಕು. ನಮ್ಮ ಗುಂಪಿನವರಿಗೆ ಏನು ಬೇಕಿತ್ತು? ಚಪ್ಪರಕ್ಕೆ ಹೆಣೆದ ಹಸಿ ತೆಂಗಿನ ಗರಿ, ಬಾಗಿಲ ಎರಡೂ ಬದಿಯ ಗೊನೆ ಹೊತ್ತ ಬಾಳೆಕಂಬ, ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ತಂದ ಮೈಸೂರು ಮಲ್ಲಿಗೆಯ ದಂಡೆ. ಭೌಗೋಳಿಕ ಗುರುತು ಪಡೆದ ಆ ಮಲ್ಲಿಗೆಯನ್ನು ಕಣ್ಣಾರೆ ಕಂಡಿರದವರು ಗುಂಪಿನಲ್ಲಿ ಎಷ್ಟೋ ಜನ. ಮೊಗ್ಗಿನ ಹತ್ತಿರದ ಫೋಟೊ ಒಂದಕ್ಕೆ ಬಂದಷ್ಟು ಪ್ರಶ್ನೆಗಳು ನಮ್ಮಿಬ್ಬರ ಜೋಡಿ ಫೋಟೊಗೆ ಬರಲಿಲ್ಲ, ನನಗೆ ಅದರಿಂದ ಸಂತೋಷವೇ ಆಯಿತು.

ಪ್ರತಿ ಫೋಟೊದ ಕೆಳಗೆ ಎರಡು ಸಾಲು ಬರೆಯಿರಿ. 'ಮಾಂಗಲ್ಯಧಾರಣೆ' ಎಂಬ ಒಂದೇ ಪದ ಸಾಲದು. 'ನಡುವೆ ಅಂತರಪಟ ಹಿಡಿದಿದ್ದಾರೆ. ಅದು ಸರಿದ ಕೂಡಲೇ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕಬೇಕು. ನಾನೇ ಮೊದಲು ಹಾಕಲಿ ಅಂತ ಅಕ್ಕಂದಿರು ಹಿಂದಿನಿಂದ ಎತ್ತಿ ಹಿಡಿದಿದ್ದಾರೆ.' ಹೀಗೆ ಬರೆದರೆ ಕಣ್ಣಿದ್ದವರಿಗೂ ಮೇಷ್ಟ್ರಿಗೂ ಒಟ್ಟಿಗೇ ಮದುವೆ ಕಾಣುತ್ತದೆ. ಬೇರೆ ಸೀಮೆಯವರಿಗೆ ನಮ್ಮ ಶಾಸ್ತ್ರಗಳು ಹೊಸವು ಎಂಬುದೂ ನೆನಪಿರಲಿ. ಬೀಗರೂಟ ಅಂದರೇನು ಎಂದು ಧಾರವಾಡದ ಅಕ್ಕ ಕೇಳಿದಾಗ ನಾನು ಒಂದು ಪುಟ ಬರೆದೆ. ನಮ್ಮಲ್ಲಿ ಅಕ್ಷತೆ ಎನ್ನುವುದಕ್ಕೆ ಅವರಲ್ಲಿ ಅಕ್ಕಿಕಾಳು ಎನ್ನುತ್ತಾರೆಂದು ಅವರಿಂದ ತಿಳಿದುಕೊಂಡೆ.

ಹೆಜ್ಜೆ 6: ಕಳಿಸುವ ದಾರಿ

ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಫೋಟೊ ಕುಗ್ಗುತ್ತದೆ. ಕಳಿಸುವ ಮೊದಲು ಮೇಲಿರುವ ಎಚ್‌ಡಿ ಗುರುತು ಒತ್ತಿದರೆ ಸೀರೆಯ ಜರಿ ತಕ್ಕಮಟ್ಟಿಗೆ ಉಳಿಯುತ್ತದೆ. ಮೂಲ ಗಾತ್ರವೇ ಬೇಕಾದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಬಹುದು, ಒಂದು ಫೈಲ್ 2 ಜಿಬಿವರೆಗೂ ಹೋಗುತ್ತದೆ. ಒಂದು ಎಚ್ಚರ: ಫೋಟೊ ಆಗಿ ಕಳಿಸಿದಾಗ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದಾಗ ಹಾಗೇ ಉಳಿಯುತ್ತದೆ. ಮನೆಯಲ್ಲಿ ತೆಗೆದ ಅರಿಶಿನ ಶಾಸ್ತ್ರದ ಫೋಟೊ ನಿಮ್ಮ ಮನೆಯ ದಾರಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಮೊದಲೇ ಆಫ್ ಮಾಡಿಟ್ಟರೆ ಈ ಚಿಂತೆಯೇ ಇರದು.

ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿ ಲಿಂಕ್ ಕೊಡಿ. ಉಚಿತವಾಗಿ ಸಿಗುವುದು 15 ಜಿಬಿ, ಜಿಮೇಲ್ ಮತ್ತು ಡ್ರೈವ್ ಕೂಡ ಅದರಲ್ಲೇ ಪಾಲು ಪಡೆಯುತ್ತವೆ. ಆಲ್ಬಂನ ಆಯ್ಕೆಗಳಲ್ಲಿ ಫೋಟೊದ ಸ್ಥಳ ತೋರಿಸುವುದನ್ನು ಆಫ್ ಮಾಡಿ, ಬೇರೆಯವರು ಫೋಟೊ ಸೇರಿಸುವ ಅವಕಾಶವನ್ನೂ ಬೇಡವಾದರೆ ಆಫ್ ಮಾಡಿ. ಎಲ್ಲರೂ ನೋಡಿದ ಮೇಲೆ, ಒಂದು ತಿಂಗಳು ಬಿಟ್ಟು, ಲಿಂಕನ್ನು ನಿಲ್ಲಿಸಿ. ಲಿಂಕ್ ಇರುವ ಯಾರು ಬೇಕಾದರೂ ಅದನ್ನು ಇನ್ನೊಬ್ಬರಿಗೆ ಕೊಡಬಹುದಲ್ಲ.

ಸರ್ಕಾರದ ನೋಂದಣಿ ಜಾಲತಾಣ ಕಾವೇರಿ 2.0ರಲ್ಲಿ ಮದುವೆ ನೋಂದಣಿ ಸುಲಭವಾದ ಮೇಲೆ ಪ್ರಮಾಣಪತ್ರದ ಫೋಟೊ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಹೆಸರು, ವಿಳಾಸ, ಸಹಿ ಎಲ್ಲವೂ ಅದರಲ್ಲಿ ಒಂದೇ ಕಡೆ ಸಿಗುತ್ತದೆ.

ಹೆಜ್ಜೆ 7: ಮಧುಚಂದ್ರದ ಫೋಟೊ, ಮನೆಗೆ ಬಂದ ಮೇಲೆ

ನಾವು ಹೋದದ್ದು ಊಟಿಗೆ. ಮೈಸೂರಿನವರಿಗೆ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಅದು ಹತ್ತಿರವೇ. ಹೋಗುವಾಗ 'ಹೊರಟೆವು' ಎಂದು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಾಕಬೇಡಿ. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಒಡವೆ ಇರುತ್ತದೆಂದು ಎಲ್ಲರಿಗೂ ಗೊತ್ತು, ಬೀಗ ಬಿದ್ದಿದೆ ಎಂಬುದನ್ನೂ ನಾವೇ ಯಾಕೆ ಹೇಳಬೇಕು? ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ ನಿಜ, ಅಷ್ಟರಲ್ಲಿ ನೋಡಬೇಕಾದವರು ನೋಡಿರುತ್ತಾರೆ.

ರೈಲು ಟಿಕೆಟ್, ವಿಮಾನದ ಬೋರ್ಡಿಂಗ್ ಪಾಸ್, ಹೋಟೆಲ್ ಕೋಣೆಯ ನಂಬರ್ ಇರುವ ಬೀಗದ ಕೈ, ಇವುಗಳ ಫೋಟೊ ಹಾಕಬಾರದು. ಪಿಎನ್‌ಆರ್ ಸಂಖ್ಯೆ ಸಿಕ್ಕರೆ ನಿಮ್ಮ ಪ್ರಯಾಣದ ವಿವರ ಬೇರೆಯವರಿಗೂ ಸಿಗಬಹುದು. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಅದನ್ನೂ ತೋರಿಸಬೇಡಿ, ಕಾರಿನ ನಂಬರ್, ಉಳಿಯುವ ದಿನ ಎಲ್ಲ ಅದರಲ್ಲಿರುತ್ತದೆ.

ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದು ಫೋಟೊ ತೆಗೆಯುವಂತಿಲ್ಲ. ಆನೆ ಕಂಡರೂ ಇಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಖಾಸಗಿ ಗಾಡಿಗಳ ಓಡಾಟವೇ ನಿಷಿದ್ಧ. ಅಂಥ ಫೋಟೊ ತೆಗೆದು ಹಂಚಿದರೆ ನೋಡಿದವರೂ ಮುಂದಿನ ಸಲ ಇಳಿಯುತ್ತಾರೆ.

ಯಾವ ಫೋಟೊ ಹಂಚುವುದು ಎಂಬುದಕ್ಕೆ ನನ್ನ ಅಳತೆ ಸರಳ. ಇಬ್ಬರಲ್ಲಿ ಒಬ್ಬರಿಗೆ ಹಿಂಜರಿಕೆ ಇದ್ದರೆ ಅದು ನಮ್ಮ ಆಲ್ಬಂನಲ್ಲೇ ಉಳಿಯುತ್ತದೆ. ಕೋಣೆಯೊಳಗಿನದು ಯಾವುದೂ ಹೊರಗೆ ಹೋಗುವುದಿಲ್ಲ. ಒಂದೇ ಜಾಗದ ಹತ್ತು ಭಂಗಿಗಳಲ್ಲಿ ಒಂದು ಸಾಕು. ಗುಂಪಿಗೆ ನಾನು ಕಳಿಸಿದ್ದು ಒಂಬತ್ತು. ಕೂನೂರಿನಿಂದ ಊಟಿಗೆ ಹೋಗುವ ಬೆಟ್ಟದ ರೈಲಿನ ನೀಲಿ ಬೋಗಿ ಅದರಲ್ಲೊಂದು. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದಾರಿ ಅದು. ಕಿಟಕಿಯಿಂದ ತಲೆ ಹೊರಹಾಕಿದ ನಮ್ಮವರ ಕೂದಲು ಗಾಳಿಗೆ ನಿಂತಿದೆ. ಇನ್ನು ಕೂನೂರಿನ ಸಿಮ್ಸ್ ಪಾರ್ಕ್, 1874ರಲ್ಲಿ ಶುರುವಾದ ತೋಟ. ಅಲ್ಲಿನ ರುದ್ರಾಕ್ಷಿ ಮರದ ಕೆಳಗೆ ನಾನು ಕತ್ತೆತ್ತಿ ನಿಂತ ಫೋಟೊವನ್ನು ನಮ್ಮವರು ನನಗೆ ಗೊತ್ತಿಲ್ಲದೆ ತೆಗೆದಿದ್ದರು. 'ಗಂಡನ ಜೊತೆ ಹೋಗಿ ಮರ ನೋಡ್ತಾ ನಿಂತಿದ್ದೀಯಲ್ಲ ತಂಗಿ' ಎಂದು ಧಾರವಾಡದ ಅಕ್ಕ ಬರೆದರು. ನನ್ನನ್ನು ಅವರು ಸರಿಯಾಗಿಯೇ ಬಲ್ಲರು.

ಒಂಬತ್ತನ್ನೂ ಒಂದೇ ದಿನ ಸುರಿಯಲಿಲ್ಲ. ದಿನಕ್ಕೆ ಮೂರು, ಸಂಜೆ ಎಲ್ಲರೂ ಗಿಡಕ್ಕೆ ನೀರು ಹಾಕಿ ಕೂರುವ ಹೊತ್ತಿಗೆ. ಗುಂಪಿನಲ್ಲಿ ಅದೇ ವಾರ ಒಬ್ಬರ ತಂದೆ ತೀರಿಕೊಂಡಿದ್ದರು. ಹನ್ನೊಂದು ದಿನ ಕಳೆಯುವವರೆಗೆ ನಾನು ಏನೂ ಹಾಕಲಿಲ್ಲ. ಸಂಸಾರ ಮುರಿದ ನೋವಿನಲ್ಲಿದ್ದ ಒಬ್ಬ ಗೆಳತಿಗೆ ಮೊದಲೇ ಖಾಸಗಿಯಾಗಿ ಬರೆದೆ: 'ಗುಂಪಿನಲ್ಲಿ ಫೋಟೊ ಹಾಕ್ತಿದ್ದೀನಿ, ನೋಡಬೇಕು ಅನ್ನಿಸಿದಾಗ ನೋಡು, ಉತ್ತರ ಬರೀಲೇಬೇಕು ಅಂತಿಲ್ಲ.'

ಹೆಜ್ಜೆ 8: ಆಷಾಢದಲ್ಲಿ ಉತ್ತರ ಬರೆಯಿರಿ

ಹರಸಿದವರಿಗೆಲ್ಲ ಒಂದೇ ಕೈಮುಗಿಯುವ ಚಿತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ಆಷಾಢಕ್ಕೆ ತವರಿಗೆ ಬಂದಾಗ ನನಗೆ ಬೇಕಾದಷ್ಟು ಬಿಡುವಿತ್ತು. ದಿನಕ್ಕೆ ನಾಲ್ಕು ಜನರಂತೆ, ಅವರು ಬರೆದ ಮಾತನ್ನೇ ನೆನೆದು ಉತ್ತರಿಸಿದೆ. ಮೇಷ್ಟ್ರಿಗೆ ಧ್ವನಿ ಸಂದೇಶ, ಹಿಂದೆ ಮುಹೂರ್ತದ ವಾಲಗ ಅರ್ಧ ನಿಮಿಷ.

ತೀರಾ ಹತ್ತಿರದವರಿಗೆ ಅಂಚೆಯಲ್ಲಿ ತಾಂಬೂಲವೂ ಹೋಯಿತು. ಇದಕ್ಕೆ ಮೊದಲು ಅವರ ವಿಳಾಸವನ್ನು ಖಾಸಗಿಯಾಗಿ ಕೇಳಿ, ಗುಂಪಿನಲ್ಲಿ ಬರೆಸಬೇಡಿ. ವೀಳ್ಯದೆಲೆ ದಾರಿಯಲ್ಲೇ ಬಾಡುತ್ತದೆ, ಅದನ್ನು ಬಿಟ್ಟು ಅಡಿಕೆ, ಅರಿಶಿನ ಕುಂಕುಮದ ಪೊಟ್ಟಣ, ಸ್ಟುಡಿಯೋದಲ್ಲಿ ತೊಳೆಸಿದ ಒಂದು ಫೋಟೊ, ನಮ್ಮ ತಾರಸಿಯ ಶಂಖಪುಷ್ಪದ ಬೀಜ. ಬೀಜವನ್ನು ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವರಿ ಬೂಷ್ಟು ಹಿಡಿಯುತ್ತದೆ, ಕಾಗದದ ಪೊಟ್ಟಣವೇ ಆಗಬೇಕು. ಕುಂಕುಮ ಸೋರಿ ಫೋಟೊಗೆ ಅಂಟದಂತೆ ಎರಡರ ನಡುವೆ ಒಂದು ರಟ್ಟು ಇಡಿ.